ಬೋರೆ ಮರದ ಬಳಗ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರತಿ ವರ್ಷ ಈ ವೇದಿಕೆಯಿಂದ ಶಿಕ್ಷಣದ ಮಹತ್ವ, ಪರೀಕ್ಷೆಯ ತಯಾರಿ, ಉದ್ಯೋಗದ ಅವಕಾಶ ಇವುಗಳ ಕುರಿತು ಮಾತುಗಳನ್ನು ಕೇಳುತ್ತಾ ಬಂದಿದ್ದೀರಿ. ಈ ಸಲ ಒಂದು ಮರದ ಬಗ್ಗೆ ಮಾತನಾಡಲು ನಾನು ಅಪ್ಪಣೆ ಕೇಳಿದ್ದೇನೆ. ನಾನು ವಿಜ್ಞಾನದ ಶಿಕ್ಷಕಿಯಲ್ಲ, ಉರ್ದು ಮತ್ತು ಕನ್ನಡ ಕಲಿಸುವವಳು. ಆದರೆ ಈ ಮರದ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಆ ತಪ್ಪನ್ನು ನಿಮ್ಮ ಮುಂದೆ ಹೇಳಿಕೊಂಡರೆ ನಿಮಗೆ ಪಾಠವಾದೀತು, ನನಗೆ ಸಮಾಧಾನವಾದೀತು.

ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯ ಅಂಗಳದಲ್ಲಿ ಒಂದು ದೊಡ್ಡ ಬೋರೆ ಮರವಿತ್ತು. ನಮ್ಮ ಕಡೆ ಬಾರಿ ಗಿಡ ಎನ್ನುತ್ತಾರೆ, ಮೈಸೂರು ಕಡೆಯವರಿಗೆ ಅದು ಎಲಚಿ, ಉರ್ದುವಿನಲ್ಲಿ ಬೇರ್. ಒಮ್ಮೆ ಚಿಕ್ಕ ಹುಡುಗನ ಕಾಲಿಗೆ ಮುಳ್ಳು ಚುಚ್ಚಿ ಕೀವಾಯಿತು. ಪಾಲಕರು ಬಂದು ಜಗಳವಾಡಿದರು. ಮರ ಕಡಿಸಬೇಕೆಂದು ತೀರ್ಮಾನವಾಯಿತು. ಅದಕ್ಕೆ ಬೇಕಾದ ಅರ್ಜಿಯನ್ನು ಬರೆದುಕೊಟ್ಟವಳು ನಾನೇ, ನನ್ನ ಕನ್ನಡ ಚೆನ್ನಾಗಿದೆ ಎಂಬ ಕಾರಣಕ್ಕೆ. ‘ಅಂಗಳದಲ್ಲಿರುವ ನಿರುಪಯುಕ್ತ ಮುಳ್ಳಿನ ಮರ’ ಎಂದು ಬರೆದೆ.

ಶಾಲೆಯ ಗೇಟಿನ ಬಳಿ ಹಣ್ಣು ಮಾರುತ್ತಿದ್ದ ಒಬ್ಬ ಅಜ್ಜಿ ಇದ್ದಳು. ಅವಳು ನಮ್ಮ ಜಮಾತಿನವಳಲ್ಲ, ಪಕ್ಕದ ಓಣಿಯ ರೈತರ ಮನೆಯವಳು. ಕೊಡಲಿ ಬಂದ ದಿನ ನನ್ನ ಹತ್ತಿರ ಬಂದು, “ಅಕ್ಕೋರ, ಈ ಗಿಡಾ ಕಡಿಸಬ್ಯಾಡ್ರಿ. ನಿಮ್ಮ ಮಂದ್ಯಾಗ ಯಾರರ ತೀರಿಕೊಂಡ್ರ ಇದರ ತೊಪ್ಪಲಾ ಬೇಕಾಗತೈತಲ್ರಿ” ಅಂದಳು. ನಾನು ನಕ್ಕು ಸುಮ್ಮನಾದೆ. ಸಂಜೆಯ ಹೊತ್ತಿಗೆ ಮರ ನೆಲಕ್ಕೆ ಬಿತ್ತು.

ಮುಂದೆ ಏನಾಯಿತೆಂದು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು, ನಾನು ‘ನಿರುಪಯುಕ್ತ’ ಎಂದು ಬರೆದ ಮರ ಯಾವುದು, ಅದರ ಬಂಧುಬಳಗ ಎಂಥದು ಎಂಬುದನ್ನು ಸ್ವಲ್ಪ ತಿಳಿಯೋಣ.

ಸಸ್ಯಶಾಸ್ತ್ರದಲ್ಲಿ ಬೋರೆಯ ಹೆಸರು ಜಿಜಿಫಸ್ ಮಾರಿಷಿಯಾನ. ಅದು ಸೇರಿದ ಕುಟುಂಬದ ಹೆಸರು ರಾಮ್ನೇಸಿ. ಮುಳ್ಳಿನ ಪೊದೆಯೊಂದಕ್ಕೆ ಗ್ರೀಕರು ಇಟ್ಟಿದ್ದ ಹೆಸರಿನಿಂದ ಈ ಪದ ಬಂದಿದೆ. ಈ ಕುಟುಂಬದಲ್ಲಿ ಐವತ್ತಕ್ಕೂ ಹೆಚ್ಚು ಕುಲಗಳು, ಒಂಬೈನೂರಕ್ಕೂ ಹೆಚ್ಚು ಜಾತಿಗಳಿವೆ. ಮರಗಳಿವೆ, ಪೊದೆಗಳಿವೆ, ಬಳ್ಳಿಗಳೂ ಇವೆ.

ವಿದ್ಯಾರ್ಥಿಗಳೇ, ಮುಂದಿನ ಸಲ ಬೋರೆಯ ಒಂದು ಟೊಂಗೆ ಸಿಕ್ಕರೆ ಮೂರು ಗುರುತುಗಳನ್ನು ನೋಡಿ. ಮೊದಲನೆಯದು ಎಲೆ. ಬುಡದಿಂದಲೇ ಮೂರು ನರಗಳು ಎದ್ದು ಕಾಣುತ್ತವೆ. ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ಬಿಳಿ ನವಿರಿನಿಂದ ಮೆತ್ತಗೆ. ಎರಡನೆಯದು ಮುಳ್ಳು. ಎಲೆಯ ಬುಡದಲ್ಲಿ ಸಾಮಾನ್ಯವಾಗಿ ಎರಡು ಮುಳ್ಳುಗಳಿರುತ್ತವೆ, ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯಂತೆ ಬಾಗಿರುತ್ತದೆ. ಕೈ ಒಳಗೆ ಹಾಕುವಾಗ ನೆಟ್ಟಗಿನದು ಚುಚ್ಚುತ್ತದೆ, ಹಿಂದಕ್ಕೆ ಎಳೆಯುವಾಗ ಕೊಕ್ಕೆ ಹಿಡಿಯುತ್ತದೆ. ಮೂರನೆಯದು ಹೂವು. ಹಸಿರು ಹಳದಿ ಬಣ್ಣದ ಪುಟ್ಟ ಹೂವಾದ್ದರಿಂದ ಯಾರೂ ಗಮನಿಸುವುದಿಲ್ಲ. ಆದರೆ ಇಡೀ ಕುಟುಂಬದ ಗುರುತು ಇಲ್ಲೇ ಇದೆ. ಹೆಚ್ಚಿನ ಹೂವುಗಳಲ್ಲಿ ಕೇಸರಗಳು ಎರಡು ದಳಗಳ ನಡುವಿನ ಸಂದಿಗೆ ಎದುರಾಗಿ ನಿಲ್ಲುತ್ತವೆ. ಬೋರೆಯ ಬಳಗದಲ್ಲಿ ಪ್ರತಿ ಕೇಸರವೂ ಒಂದೊಂದು ದಳದ ಎದುರಿಗೇ ನಿಲ್ಲುತ್ತದೆ, ದಳವು ಟೊಪ್ಪಿಗೆಯಂತೆ ಬಾಗಿ ಅದನ್ನು ಮುಚ್ಚಿಕೊಂಡಿರುತ್ತದೆ. ನಡುವೆ ಮಕರಂದ ಸುರಿಸುವ ಒಂದು ಬಿಲ್ಲೆ ಇದ್ದು, ಜೇನ್ನೊಣ, ಕಣಜ, ನೊಣಗಳು ಅದಕ್ಕೆ ಮುತ್ತುತ್ತವೆ.

ಈ ಬಳಗದ ಬಂಧುಗಳು ನಿಮಗೆ ಅಪರಿಚಿತರಲ್ಲ. ಮಲೆನಾಡಿನವರು ಬೇಸಿಗೆಯಲ್ಲಿ ತಿನ್ನುವ ಬಿಳಿಯ ಮುಳ್ಳುಹಣ್ಣು ಇದೇ ಕುಟುಂಬದ್ದು. ನೆಗಡಿ ಕೆಮ್ಮು ಬಂದಾಗ ಮನೆಯಲ್ಲಿ ಕುದಿಸುವ ಜೋಶಾಂದಾ ಕಷಾಯದ ಕೆಂಪು ಒಣಹಣ್ಣು ಉನ್ನಾಬ್ ಕೂಡ ಬೋರೆಯ ತಂಗಿಯೇ. ಚೀನಾದಲ್ಲಿ ಅದನ್ನು ಸಾವಿರಾರು ವರ್ಷಗಳಿಂದ ಬೆಳೆಯುತ್ತಾರೆ. ವೆಂಟಿಲಾಗೋ ಎಂಬ ಬಳ್ಳಿಯ ಬೇರಿನ ತೊಗಟೆಯಿಂದ ನಮ್ಮ ಹಿಂದಿನವರು ಬಟ್ಟೆಗೆ ಕೆಂಪು ಬಣ್ಣ ತೆಗೆಯುತ್ತಿದ್ದರು. ಅಮೆರಿಕದ ಸಿಯಾನೋಥಸ್ ಎಂಬ ಪೊದೆ ತನ್ನ ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳನ್ನು ಸಾಕಿಕೊಂಡು, ಅವುಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾಡಿಕೊಳ್ಳುತ್ತದೆ. ಯುರೋಪಿನಲ್ಲಿ ಇದೇ ಕುಟುಂಬದ ಬಕ್‌ಥಾರ್ನ್ ಗಿಡದ ಕಪ್ಪು ಹಣ್ಣನ್ನು ಭೇದಿಯ ಔಷಧಿಯಾಗಿ ಬಳಸುತ್ತಿದ್ದರು. ಅದನ್ನೇ ಬೇಲಿಗೆಂದು ಉತ್ತರ ಅಮೆರಿಕಕ್ಕೆ ಒಯ್ದಾಗ ಅಲ್ಲಿನ ಕಾಡುಗಳಿಗೆ ನುಗ್ಗಿ ಪೀಡೆಯಾಗಿ ಕುಳಿತಿತು. ತನ್ನ ಮಣ್ಣಿನಲ್ಲಿ ಒಳ್ಳೆಯದಾಗಿದ್ದದ್ದು ಪರ ನೆಲದಲ್ಲಿ ಕೆಟ್ಟದ್ದಾಗಬಹುದು ಎಂಬುದೂ ಒಂದು ಪಾಠ.

ಬೋರೆಯಾದರೋ ನಮ್ಮ ಬರಗಾಲದ ನೆಲಕ್ಕೇ ಹೇಳಿ ಮಾಡಿಸಿದ ಮರ. ಬೇರನ್ನು ಆಳಕ್ಕೆ ಇಳಿಸಿ ನೀರು ಹುಡುಕುತ್ತದೆ. ಕಡು ಬೇಸಿಗೆಯಲ್ಲಿ ಎಲೆ ಉದುರಿಸಿ ಇದ್ದ ನೀರನ್ನು ಉಳಿಸಿಕೊಳ್ಳುತ್ತದೆ. ಬೇರೆ ಹಣ್ಣು ದುಬಾರಿಯಾದ ಬಡವರ ಮಕ್ಕಳಿಗೆ ಸಿ ಜೀವಸತ್ವ ಕೊಡುವುದು ಈ ಹಣ್ಣೇ. ಆ ಲೆಕ್ಕದಲ್ಲಿ ಸೇಬು ಇದರ ಹತ್ತಿರಕ್ಕೂ ಬರುವುದಿಲ್ಲ. ಇದರ ಎಲೆ ಆಡು ಕುರಿಗಳಿಗೆ ಮೇವು, ಕೊಂಬೆ ಹೊಲಕ್ಕೆ ಬೇಲಿ. ಅರಗಿನ ಹುಳುವನ್ನು ಸಾಕುವ ಮುಖ್ಯ ಮರಗಳಲ್ಲಿ ಇದೂ ಒಂದು. ಜೋಧಪುರದಲ್ಲಿ 1959ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಒಣವಲಯ ಸಂಶೋಧನಾ ಸಂಸ್ಥೆಯವರು ಮರುಭೂಮಿಯ ರೈತರಿಗೆ ಬೋರೆಯನ್ನು ಒಂದು ಬೆಳೆಯಾಗಿಯೇ ಕಲಿಸಿಕೊಟ್ಟಿದ್ದಾರೆ.

ಇನ್ನು ನಮ್ಮ ದೀನಿನ ಮಾತು. ಅರಬ್ಬಿಯಲ್ಲಿ ಬೋರೆಯ ಜಾತಿಯ ಮರಕ್ಕೆ ಸಿದ್ರ್ ಎಂದು ಹೆಸರು. ಸೂರಾ ಸಬಾ, ಸೂರಾ ನಜ್ಮ್, ಸೂರಾ ವಾಕಿಆಗಳಲ್ಲಿ ಈ ಮರದ ಪ್ರಸ್ತಾಪವಿದೆ. ವಾಕಿಆದಲ್ಲಿ ಸ್ವರ್ಗದ ಸಿದ್ರ್ ಮರಗಳಿಗೆ ಮುಳ್ಳಿಲ್ಲವೆಂದು ಬಂದಿದೆ. ಅಂದರೆ ಮುಳ್ಳಿಲ್ಲದ ಬೋರೆ ಇರುವುದು ಅಲ್ಲಿ. ಇಲ್ಲಿ ನಮಗೆ ಸಿಕ್ಕಿರುವುದು ಮುಳ್ಳಿನದೇ, ಅದನ್ನು ಮುಳ್ಳಿನ ಸಮೇತವೇ ನೋಡಿಕೊಳ್ಳಬೇಕು. ಮೈಯತ್ತಿಗೆ ಗುಸುಲ್ ಮಾಡಿಸುವಾಗ ನೀರು ಮತ್ತು ಸಿದ್ರ್ ಬಳಸಿರೆಂದು, ಕೊನೆಯಲ್ಲಿ ಕರ್ಪೂರ ಬೆರೆಸಿರೆಂದು ಪ್ರವಾದಿಯವರು (ಸ.ಅ.) ತಮ್ಮ ಮಗಳು ತೀರಿಕೊಂಡಾಗ ತಿಳಿಸಿದ್ದನ್ನು ಉಮ್ಮು ಅತಿಯ್ಯಾ ಅವರು ವರದಿ ಮಾಡಿದ್ದಾರೆ. ಇದರ ಹಿಂದೆ ರಸಾಯನಶಾಸ್ತ್ರವೂ ಇದೆ. ಈ ಎಲೆಗಳಲ್ಲಿ ಸೀಗೆ, ಅಂಟುವಾಳಗಳಲ್ಲಿರುವಂತೆ ಸಪೋನಿನ್ ಎಂಬ ವಸ್ತುವಿದೆ. ಅರೆದು ನೀರಿನಲ್ಲಿ ಕಲಕಿದರೆ ನೊರೆ ಬರುತ್ತದೆ, ಕೊಳೆ ಹೋಗುತ್ತದೆ.

ಈ ಮರ ನಮಗೊಬ್ಬರಿಗೇ ಸೇರಿದ್ದಲ್ಲ. ಸಂಸ್ಕೃತದಲ್ಲಿ ಇದು ಬದರಿ, ಬದರೀನಾಥದ ಹೆಸರಿನಲ್ಲಿರುವುದು ಇದೇ. ಶಬರಿ ರಾಮನಿಗೆ ಕೊಟ್ಟದ್ದು ಬೋರೆಹಣ್ಣೆಂದು ಜನ ಹೇಳುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ನೆರೆಮನೆಗಳಲ್ಲಿ ಪುಟ್ಟ ಮಕ್ಕಳ ತಲೆಯ ಮೇಲೆ ಈ ಹಣ್ಣನ್ನು ಸುರಿಯುವುದನ್ನು ನೀವೂ ನೋಡಿರುತ್ತೀರಿ. ಅಮೃತಸರದ ಸ್ವರ್ಣಮಂದಿರದ ಆವರಣದಲ್ಲಿ ಸಿಖ್ಖರು ಹಳೆಯ ಬೋರೆ ಮರಗಳನ್ನು ಗೌರವದಿಂದ ಕಾಪಾಡಿಕೊಂಡು ಬಂದಿದ್ದಾರೆ.

ಈಗ ನನ್ನ ಕಥೆಗೆ ಬರುತ್ತೇನೆ. ಮರ ಕಡಿದ ಮರುವರ್ಷ ನಮ್ಮ ನಾನಿಮಾ ತೀರಿಕೊಂಡರು. ರಾತ್ರಿ ಇಶಾ ನಮಾಜಿನ ನಂತರ ಉಸಿರು ನಿಂತಿತು. ಬೆಳಿಗ್ಗೆ ಗುಸುಲ್ ಆಗಬೇಕು. ಎಲೆ ಸಿಗದಿದ್ದರೆ ಸಾಬೂನು ಸಾಕು ಎಂದು ತಿಳಿದವರು ಹೇಳಿದರು, ನಿಜ. ಆದರೆ ನಾನಿಮಾ ಬದುಕಿದ್ದಾಗಲೇ, “ನನಗೆ ಬೇರಿಯ ಎಲೆ ಹಾಕಿ ಕಳಿಸಿ” ಎಂದು ನನ್ನ ಕೈ ಹಿಡಿದು ಹೇಳಿದ್ದರು. ನನ್ನ ತಮ್ಮ ರಾತ್ರಿಯೇ ಬೈಕು ತೆಗೆದುಕೊಂಡು ಹೋದ. ಮರಗಳಿದ್ದ ಜಾಗಗಳೆಲ್ಲ ಲೇಔಟ್ ಆಗಿದ್ದವು. ಬರಿಗೈಯಲ್ಲಿ ಬಂದ. ನಾನು ಬರೆದ ಅರ್ಜಿಯ ಆ ಒಂದು ಪದ ರಾತ್ರಿಯಿಡೀ ನನ್ನ ಕಣ್ಣ ಮುಂದೆ ನಿಂತಿತ್ತು.

ಬೆಳಗಾದಾಗ ಬಾಗಿಲಲ್ಲಿ ಆ ಹಣ್ಣಿನ ಅಜ್ಜಿ ನಿಂತಿದ್ದಳು. ಸುದ್ದಿ ಕೇಳಿ ಹೊಲದ ಬದುವಿಗೆ ಹೋಗಿ, ಸೆರಗಿನ ತುಂಬ ಎಲೆ ಕಿತ್ತು ತಂದಿದ್ದಳು. ಕೈಯೆಲ್ಲ ತರಚಿತ್ತು. ಕಡಿದ ಮರದ ಮಾತನ್ನೇ ಎತ್ತಲಿಲ್ಲ. “ಇಷ್ಟು ಸಾಕಾಗತೈತೇನ್ರಿ ಅಕ್ಕೋರ?” ಎಂದು ಮಾತ್ರ ಕೇಳಿದಳು. ನನ್ನ ಬಾಯಿಂದ ಉತ್ತರ ಹೊರಡಲಿಲ್ಲ.

ಬಿ.ಎಡ್. ಓದಿದ ನನಗೆ ಗೊತ್ತಿಲ್ಲದ್ದು, ಶಾಲೆಯ ಮೆಟ್ಟಿಲು ಹತ್ತದ ಅವಳಿಗೆ ಗೊತ್ತಿತ್ತು. ನಮ್ಮ ಮನೆಯ ಅಗತ್ಯ ನಮಗಿಂತ ಮೊದಲು ನೆರೆಯವಳಿಗೆ ತಿಳಿದಿತ್ತು. ನನಗೆ ಮೂರು ಭಾಷೆಗಳಲ್ಲಿ ಆ ಮರದ ಹೆಸರು ಬರುತ್ತಿತ್ತು, ಮರ ಮಾತ್ರ ಗೊತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಅದೇ ಶಾಲೆಯ ಹಿಂಭಾಗದಲ್ಲಿ, ಮಕ್ಕಳು ಓಡಾಡದ ಮೂಲೆಯಲ್ಲಿ, ನಾವು ಬೋರೆಯ ಬೀಜ ಹಾಕಿದೆವು. ನೀವೂ ಹಾಕಬಹುದು. ಓಟೆಯನ್ನು ಉಪ್ಪುನೀರಿನಲ್ಲಿ ಹಾಕಿ, ತೇಲಿದ್ದನ್ನು ಬಿಟ್ಟು ಮುಳುಗಿದ್ದನ್ನು ಆರಿಸಿ. ಗಟ್ಟಿ ಚಿಪ್ಪನ್ನು ಒಳಗಿನ ಬೀಜಕ್ಕೆ ಪೆಟ್ಟಾಗದಂತೆ ಒಡೆದರೆ ಬೇಗ ಮೊಳೆಯುತ್ತದೆ. ತಾಯಿಬೇರು ಮುರಿದರೆ ಸಸಿ ಬದುಕುವುದು ಕಷ್ಟವಾದ್ದರಿಂದ ಮರ ಬೇಕಾದಲ್ಲಿಯೇ ಬಿತ್ತುವುದು ಒಳ್ಳೆಯದು. ದೊಡ್ಡ ಹಣ್ಣು ಬೇಕಾದವರು ಆ ನಾಟಿ ಸಸಿಗೆ ಉಮ್ರಾನ್, ಗೋಲಾ ಮುಂತಾದ ಜಾತಿಯ ಕಣ್ಣು ಕಸಿ ಮಾಡಿಸಬಹುದು. ಹೊಸ ಚಿಗುರಿನಲ್ಲೇ ಹಣ್ಣು ಬಿಡುವುದರಿಂದ ಪ್ರತಿ ಬೇಸಿಗೆ ಕೊಂಬೆ ಸವರಬೇಕು. ನಾವು ಹಾಕಿದ್ದರಲ್ಲಿ ಉಳಿದದ್ದು ಒಂದೇ ಗಿಡ. ಅದು ಈಗ ನನ್ನ ಭುಜದೆತ್ತರ ಬೆಳೆದಿದೆ, ಸಾಕಷ್ಟು ಮುಳ್ಳೂ ಇದೆ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ನಮ್ಮ ಖಬರಸ್ತಾನಗಳ ಕಾಂಪೌಂಡಿನ ಪಕ್ಕದಲ್ಲಿ ಎರಡೆರಡು ಬೋರೆ ಗಿಡಗಳಾದರೂ ಇರಲಿ. ಯಾವ ಮನೆಯವರೂ ದುಃಖದ ರಾತ್ರಿಯಲ್ಲಿ ಎಲೆಗಾಗಿ ಊರು ಸುತ್ತುವಂತಾಗದಿರಲಿ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಮುಂದೆ ಅರ್ಜಿ ಬರೆಯುವವರಾಗುತ್ತೀರಿ, ಅರ್ಜಿಗೆ ಸಹಿ ಹಾಕುವ ಅಧಿಕಾರಿಗಳೂ ಆಗುತ್ತೀರಿ, ಇನ್‌ಶಾ ಅಲ್ಲಾಹ್. ಯಾವುದೇ ಮರದ ಮುಂದೆ ಆಗಲಿ, ಮನುಷ್ಯನ ಮುಂದೆ ಆಗಲಿ ‘ನಿರುಪಯುಕ್ತ’ ಎಂಬ ಪದ ಬರೆಯುವ ಮೊದಲು ಗೇಟಿನ ಬಳಿ ಕುಳಿತವರನ್ನು ಒಂದು ಮಾತು ಕೇಳಿರಿ.