ದೆಹಲಿಯ ಟೈಪಿಂಗ್ ಮೇಜಿನಿಂದ ಮಹಾನಿರ್ದೇಶಕರ ಕುರ್ಚಿಗೆ



ಕಲಿತ ವಿದ್ಯೆ ಯಾವಾಗ, ಎಲ್ಲಿ ಕೈಹಿಡಿಯುತ್ತದೆ ಎಂದು ಮೊದಲೇ ಹೇಳಲಾಗದು. ಬ್ರಿಟನ್ನಿನ ಸ್ಟೆಲ್ಲಾ ರಿಮಿಂಗ್ಟನ್ ಅವರ ಬದುಕು ಇದಕ್ಕೊಂದು ನಿದರ್ಶನ.

1935ರಲ್ಲಿ ಲಂಡನ್ನಿನಲ್ಲಿ ಜನಿಸಿದ ಇವರ ಬಾಲ್ಯ ಯುದ್ಧದ ಬಾಂಬ್ ದಾಳಿಗಳ ಭಯದಲ್ಲೇ ಕಳೆಯಿತು. ಎಡಿನ್‌ಬರೋದಲ್ಲಿ ಇಂಗ್ಲಿಷ್ ಸಾಹಿತ್ಯವನ್ನೂ ಲಿವರ್‌ಪೂಲ್‌ನಲ್ಲಿ ದಾಖಲೆಗಳ ಸಂರಕ್ಷಣೆಯನ್ನೂ ಕಲಿತರು. ವೂಸ್ಟರ್ ಪಟ್ಟಣದ ದಾಖಲೆ ಕಚೇರಿಯಲ್ಲಿ, ಬಳಿಕ ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿ ದುಡಿದರು. 1965ರಲ್ಲಿ ಪತಿಗೆ ದೆಹಲಿಯ ಬ್ರಿಟಿಷ್ ಹೈಕಮಿಷನ್‌ನಲ್ಲಿ ಹುದ್ದೆ ದೊರೆತಾಗ, ಕೆಲಸ ಬಿಟ್ಟು ಜೊತೆಗೆ ಬಂದರು.

1967ರಲ್ಲಿ ಅಲ್ಲಿನ ಅಧಿಕಾರಿಯೊಬ್ಬರು ಕಚೇರಿ ಕೆಲಸದಲ್ಲಿ ನೆರವಾಗುವಿರಾ ಎಂದು ಕೇಳಿದರು. ಆತ ಬ್ರಿಟನ್ನಿನ ಆಂತರಿಕ ಗುಪ್ತಚರ ಸಂಸ್ಥೆ ಎಂಐ5ರ ಪ್ರತಿನಿಧಿ! ಟೈಪ್ ಮಾಡುವ, ಕಡತ ಜೋಡಿಸುವ ಸಣ್ಣ ಕೆಲಸದಿಂದ ಹೀಗೆ ಆರಂಭವಾಯಿತು. 1969ರಲ್ಲಿ ಲಂಡನ್ನಿಗೆ ಮರಳಿ, ಅದೇ ಸಂಸ್ಥೆಯಲ್ಲಿ ಕಾಯಂ ನೌಕರಿಗೆ ಸೇರಿದರು.

ಆದರೆ ದಾರಿ ಹೂವಿನದಾಗಿರಲಿಲ್ಲ. ಪದವಿಯಿದ್ದರೂ ಹೆಂಗಸರಿಗೆ ಸಹಾಯಕಿಯರ ದರ್ಜೆ. ಅಷ್ಟೇ ಓದಿದ ಗಂಡಸರಿಗೆ ನೇರವಾಗಿ ಅಧಿಕಾರಿಯ ದರ್ಜೆ. ಎಪ್ಪತ್ತರ ದಶಕದಲ್ಲಿ ಮಹಿಳೆಯರು ಒಟ್ಟಾಗಿ ಇದನ್ನು ಪ್ರಶ್ನಿಸಿದ ಮೇಲೆ ಬಾಗಿಲು ತೆರೆಯಿತು. ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಲೇ ರಿಮಿಂಗ್ಟನ್ ಒಂದೊಂದೇ ಮೆಟ್ಟಿಲೇರಿದರು. 1992ರಲ್ಲಿ ಎಂಐ5ರ ಮೊದಲ ಮಹಿಳಾ ಮಹಾನಿರ್ದೇಶಕರಾದರು. ಸರಕಾರ ಆ ಹುದ್ದೆಯಲ್ಲಿದ್ದವರ ಹೆಸರನ್ನು ಬಹಿರಂಗವಾಗಿ ಪ್ರಕಟಿಸಿದ್ದೂ ಅದೇ ಮೊದಲು. ಪತ್ರಿಕೆಗಳು ಮನೆಬಾಗಿಲಿಗೇ ಬಂದದ್ದರಿಂದ ಕುಟುಂಬ ಮನೆಯನ್ನೇ ಬದಲಿಸಬೇಕಾಯಿತು.

1909ರಲ್ಲಿ ಹುಟ್ಟಿದ ಸಂಸ್ಥೆಗೆ ಕಾಯಿದೆಯ ಚೌಕಟ್ಟು ಸಿಕ್ಕಿದ್ದು 1989ರಲ್ಲಿ ಮಾತ್ರ. ಗುಟ್ಟಿನ ಸಂಸ್ಥೆಯೂ ಜನರಿಗೆ ಒಂದಿಷ್ಟು ಉತ್ತರ ಹೇಳಬೇಕೆಂಬ ಕಾಲ ಅದು. 1993ರಲ್ಲಿ ಸಂಸ್ಥೆಯ ಕುರಿತ ಪುಸ್ತಿಕೆ ಪ್ರಕಟವಾಯಿತು. 1994ರಲ್ಲಿ ರಿಮಿಂಗ್ಟನ್ ಬಿಬಿಸಿಯಲ್ಲಿ ಉಪನ್ಯಾಸ ನೀಡಿದರು. 1996ರಲ್ಲಿ ನಿವೃತ್ತರಾಗಿ, 2001ರಲ್ಲಿ ಆತ್ಮಕಥೆ ಪ್ರಕಟಿಸಿದರು. 2025ರ ಆಗಸ್ಟ್‌ನಲ್ಲಿ ನಿಧನರಾದರು.

ಇವರ ಬಗ್ಗೆ ಬರೀ ಹೊಗಳಿಕೆ ಸಲ್ಲದು. 1984-85ರ ಗಣಿ ಕಾರ್ಮಿಕರ ಮುಷ್ಕರದ ವೇಳೆ ಇವರ ವಿಭಾಗ ಇಟ್ಟ ಕಣ್ಗಾವಲಿಗೆ ಕಟು ಟೀಕೆ ಬಂದಿತ್ತು. ಆದರೆ ಇದೇ ಮಹಿಳೆ 2009ರಲ್ಲಿ, ಭಯೋತ್ಪಾದನೆಯ ಹೆಸರಿನಲ್ಲಿ ಜನರನ್ನು ಹೆದರಿಸಿ ನಾಗರಿಕ ಸ್ವಾತಂತ್ರ್ಯ ಮೊಟಕುಗೊಳಿಸುವುದು ಸರಿಯಲ್ಲವೆಂದು ತನ್ನ ಸರಕಾರವನ್ನೇ ಎಚ್ಚರಿಸಿದರು. ಭದ್ರತೆಯ ಒಳಹೊರಗು ಬಲ್ಲವರ ಈ ಮಾತಿಗೆ ತೂಕವಿದೆ.

ಎಂಐ5ಕ್ಕೆ 2002ರಲ್ಲಿ ಎಲೈಜಾ ಮ್ಯಾನಿಂಗ್‌ಹ್ಯಾಮ್-ಬುಲ್ಲರ್ ಮುಖ್ಯಸ್ಥೆಯಾದರು. 2025ರಲ್ಲಿ ವಿದೇಶಿ ಗುಪ್ತಚರ ಸಂಸ್ಥೆ ಎಂಐ6ಕ್ಕೂ ಮೊದಲ ಮಹಿಳೆಯಾಗಿ ಬ್ಲೇಜ್ ಮೆಟ್ರೆವೆಲಿ ಬಂದರು.

ಹೆತ್ತವರೇ, ಮಗಳ ಓದಿನಿಂದ ಏನು ಪ್ರಯೋಜನವೆಂದು ಕೇಳುವ ಮುನ್ನ ಯೋಚಿಸಿ. ಹಳೆಯ ಕಾಗದಗಳನ್ನು ಜೋಡಿಸಲು ಕಲಿತವಳು ಮುಂದೆ ಒಂದು ದೇಶದ ಗುಟ್ಟುಗಳಿಗೇ ಕಾವಲಾದಳು. ವಿದ್ಯಾರ್ಥಿನಿಯರೇ, ಸಿಕ್ಕ ಕೆಲಸ ಸಣ್ಣದೆಂದು ಹಿಂಜರಿಯಬೇಡಿ. ಅಲ್ಲೇ ಕೂರಿಸಲು ನೋಡಿದರೆ ಸುಮ್ಮನಿರಲೂ ಬೇಡಿ.