ಗಂಡಿಕೋಟೆಗೆ ಹೊರಡುವ ಮುನ್ನ

(ಚಾರಣಕ್ಕೆ ಸಿದ್ಧರಾಗುತ್ತಿದ್ದ ತುರುವೇಕೆರೆಯ ಯುವಕ-ಯುವತಿಯರ ಎದುರು ನೀಡಿದ ಉಪನ್ಯಾಸದ ಬರಹರೂಪ)



ಬೆಟ್ಟ ಹತ್ತಿ ರೂಢಿಯಾದವರಿಗೆ ಕಣಿವೆಯ ಲೆಕ್ಕ ತಟ್ಟನೆ ಹೊಳೆಯುವುದಿಲ್ಲ. ದೇವರಾಯನದುರ್ಗವನ್ನೋ ಮಧುಗಿರಿಯ ಕೋಟೆಯನ್ನೋ ಹತ್ತುವವರು ಬೆಳಗಿನ ತಂಪಿನಲ್ಲಿ, ಮೈಯಲ್ಲಿ ಕಸುವಿರುವಾಗ ಏರುತ್ತಾರೆ. ದಣಿದ ಮೇಲೆ ಇಳಿಯುತ್ತಾರೆ. ಕಣಿವೆಯಲ್ಲಿ ಇದು ತಿರುವುಮುರುವು. ಮೊದಲು ಇಳಿಜಾರು. ಏರು ಎದುರಾಗುವುದು ಕಾಲು ಸೋತು, ನೀರು ಮುಗಿದು, ಬಿಸಿಲು ನೆತ್ತಿಗೆ ಬಂದ ಮೇಲೆ.

ಅಮೆರಿಕದ ಅರಿಜೋನಾದಲ್ಲಿ ಕೊಲೊರಾಡೊ ನದಿ ಕೊರೆದ ಗ್ರ್ಯಾಂಡ್ ಕ್ಯಾನಿಯನ್ 446 ಕಿ.ಮೀ. ಉದ್ದವಿದೆ; ಕೆಲವೆಡೆ ಒಂದು ಮೈಲಿಗೂ ಹೆಚ್ಚು ಆಳವಿದೆ. ಒಂದೇ ದಿನದಲ್ಲಿ ನದಿಗೆ ಇಳಿದು ಮರಳಿ ಹತ್ತುವ ಸಾಹಸ ಬೇಡವೆಂದು ಅಲ್ಲಿನ ರಾಷ್ಟ್ರೀಯ ಉದ್ಯಾನದವರು ಎಚ್ಚರಿಸುತ್ತಾರೆ. ‘ಭಾರತದ ಗ್ರ್ಯಾಂಡ್ ಕ್ಯಾನಿಯನ್’ ಎಂದು ಹೆಸರಾದ ಗಂಡಿಕೋಟೆ ಅದರ ಮುಂದೆ ಕೂಸು. ಆಳ ಸುಮಾರು 300 ಅಡಿ. ಅದು ಮರುಭೂಮಿಯೂ ಅಲ್ಲ, ಮಳೆ ಕಡಿಮೆಯಿರುವ ರಾಯಲಸೀಮೆಯ ಕುರುಚಲು ನಾಡು. ಆದರೂ ಎಚ್ಚರಿಕೆಯ ಪಾಠ ಎರಡು ಕಡೆಗೂ ಒಂದೇ.

ಗಂಡಿಕೋಟೆ ಇರುವುದು ಆಂಧ್ರದ ಕಡಪ ಜಿಲ್ಲೆಯಲ್ಲಿ, ಜಮ್ಮಲಮಡುಗು ಪಟ್ಟಣದಿಂದ ಸುಮಾರು 15 ಕಿ.ಮೀ. ದೂರದಲ್ಲಿ. ‘ಗಂಡಿ’ ಎಂದರೆ ಇಕ್ಕಟ್ಟಾದ ಸಂದು. ಎರ್ರಮಲ ಬೆಟ್ಟಸಾಲನ್ನು ಸೀಳಿ ಈ ಗಂಡಿ ಮಾಡಿದ್ದು ಪೆನ್ನಾರ್, ಅರ್ಥಾತ್ ಉತ್ತರ ಪಿನಾಕಿನಿ. ಅದು ಹುಟ್ಟುವುದು ಕರ್ನಾಟಕದ ನಂದಿ ಬೆಟ್ಟಗಳ ಸಾಲಿನಲ್ಲಿ. ತುಮಕೂರು ಜಿಲ್ಲೆಯವರಿಗೆ ಇನ್ನೂ ಹತ್ತಿರದ ನಂಟೊಂದಿದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಶಿಂಷಾ, ಜಯಮಂಗಲಿ ಎರಡೂ ಹುಟ್ಟುತ್ತವೆ. ಶಿಂಷಾ ಗುಬ್ಬಿಯ ಕಡಬ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಗಳನ್ನು ಹಾದು ಕಾವೇರಿಯ ಪಾಲಾಗುತ್ತದೆ. ಜಯಮಂಗಲಿ ಬಡಗಲಿಗೆ ತಿರುಗಿ ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಹಿಂದೂಪುರದ ಕಡೆ ಪೆನ್ನಾರ್ ಸೇರುತ್ತದೆ. ಒಂದೇ ಬೆಟ್ಟದ ಮಳೆಯಲ್ಲಿ ಒಂದು ಪಾಲು ತುರುವೇಕೆರೆಯ ಕಡೆಯ ಹೊಳೆಗೆ. ಇನ್ನೊಂದು ಪಾಲು ಗಂಡಿಕೋಟೆಯ ಹಾದಿಗೆ!

ಕಲ್ಲಿನಲ್ಲಿ ಮಾತ್ರ ಈ ಎರಡು ಸೀಮೆಗಳಿಗೆ ಹೋಲಿಕೆಯಿಲ್ಲ. ತುರುವೇಕೆರೆಯ ಗಂಗಾಧರೇಶ್ವರ ದೇವಾಲಯದ ನಂದಿಯನ್ನು ನೋಡದವರಿಲ್ಲ. ಕನ್ನಡಿಯಂತೆ ಹೊಳೆಯುವ ಆ ಕರಿಕಲ್ಲು ಪದರಪದರವಾಗಿ ಬಿಚ್ಚುವಂಥದಲ್ಲ. ಗಂಡಿಕೋಟೆಯ ಬಂಡೆ ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿ ಕೂತ ಮರಳು, ಕೆಸರು ಗಟ್ಟಿಯಾಗಿ ಆದದ್ದು. ಅಡ್ಡಕ್ಕೆ ಪದರ, ಉದ್ದಕ್ಕೆ ಬಿರುಕು. ಹೊಳೆ ಮರಳು-ಗುಂಡುಕಲ್ಲುಗಳನ್ನು ಅರದಂತೆ ಉಜ್ಜುತ್ತ ತಳ ಕೊರೆಯಿತು. ಬುಡ ಸಡಿಲಾದ ಬಂಡೆ ಬಿರುಕಿನಗುಂಟ ಕಳಚಿ ಬಿತ್ತು. ಅದಕ್ಕೇ ಕಣಿವೆಯ ಗೋಡೆ ಇಟ್ಟಿಗೆ ಪೇರಿಸಿದಂತೆ ನೆಟ್ಟಗೆ ನಿಂತಿದೆ. ಅಂಚಿನ ಬಂಡೆ ಇಂದಿಗೂ ಕಳಚಬಹುದೆಂಬುದನ್ನು ಛಾಯಾಚಿತ್ರಕ್ಕಾಗಿ ತುದಿಗೆ ಹೋಗುವವರು ಮರೆಯಬಾರದು.

ಕೋಟೆಯವರಿಗೆ ಈ ಕಣಿವೆಯೇ ಬಡಗಣ ಕಂದಕವಾಗಿತ್ತು. ವಿಜಯನಗರದ ಸಾಮಂತರಾದ ಪೆಮ್ಮಸಾನಿ ನಾಯಕರು ಇಲ್ಲಿ ಆಳಿದರು. 1650ರಲ್ಲಿ ಗೋಲ್ಕೊಂಡದ ಮೀರ್ ಜುಮ್ಲಾ ಕೋಟೆಯನ್ನು ಗೆದ್ದ. ಎರಡು ವರ್ಷದ ಬಳಿಕ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಅವನನ್ನು ಇಲ್ಲಿಯೇ ಕಂಡ. ಮಾಧವರಾಯ ಮತ್ತು ರಂಗನಾಥ ದೇವಾಲಯಗಳು, ಜಾಮಿಯಾ ಮಸೀದಿ, ದೊಡ್ಡ ಕಣಜ ಈಗಲೂ ಉಳಿದಿವೆ. ಇವುಗಳ ಜೊತೆಗೆ ‘ರಾಯಲ ಚೆರುವು’ ಎಂಬ ಕೆರೆಯನ್ನೂ ನೋಡಬೇಕು. ಹೊಳೆ ಕಣ್ಣಳತೆಯಲ್ಲೇ ಹರಿಯುತ್ತಿದ್ದರೂ 300 ಅಡಿ ಕೆಳಗಿನ ನೀರು ಬಾಯಾರಿದವನಿಗೆ ದಕ್ಕದು. ಹಾಗಾಗಿ ಮಳೆನೀರು ಕೂಡಿಡಬೇಕಾಯಿತು.

ಚಾರಣಿಗರ ಲೆಕ್ಕಾಚಾರವೂ ಇಲ್ಲಿಂದಲೇ ಆರಂಭವಾಗಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗುವುದು ಒಳ್ಳೆಯದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮೀರುತ್ತದೆ. ಕಾದ ಬಂಡೆ ಸಂಜೆಯಾದರೂ ಧಗೆ ಕಾರುತ್ತದೆ. ಬೆಂಗಳೂರಿನಿಂದ ರಸ್ತೆಯಲ್ಲಿ ಸುಮಾರು 280 ಕಿ.ಮೀ. ರೈಲಿನಲ್ಲಿ ಹೋಗುವವರು ಮುದ್ದನೂರಿನಲ್ಲಿ ಇಳಿಯಬಹುದು. ತಲಾ 4 ಲೀಟರ್ ನೀರು ಬೆನ್ನಿಗಿರಲಿ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು, ಉಪ್ಪಿನ ತಿನಿಸೂ ಬೇಕು. ಬಲಕ್ಕೆ ತಿಪಟೂರಿನ ಕೊಬ್ಬರಿ, ಬೆಲ್ಲ, ಹುರಿಗಡಲೆಗಿಂತ ಬೇರೆ ಬುತ್ತಿ ಹುಡುಕಬೇಕಾಗಿಲ್ಲ. ಇಳಿಯಲು ಒಂದು ಗಂಟೆಯಾದರೆ ಹತ್ತಲು ಎರಡು ಗಂಟೆ ಇಟ್ಟುಕೊಳ್ಳಿ. ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳದೆ, ಮಳೆಯ ಮುನ್ಸೂಚನೆ ಕೇಳದೆ ಇಳಿಯಬೇಡಿ. ಆಸುಪಾಸಿನಲ್ಲಿ ಗಂಡಿಕೋಟೆ, ಮೈಲವರಂ ಎಂಬ ಎರಡು ಅಣೆಕಟ್ಟೆಗಳಿದ್ದು, ಕಣಿವೆಯ ನೀರಿನ ಮಟ್ಟ ಏರಿಳಿಯುತ್ತದೆ. ಈಜುವುದಂತೂ ಬೇಡ.

ಅಣೆಕಟ್ಟೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಗಂಡಿಕೋಟೆ ಜಲಾಶಯದ ಸಾಮರ್ಥ್ಯ ಸುಮಾರು 27 ಟಿಎಂಸಿ. ಬಂಡೆಯನ್ನೇ ಸೀಳಿದ ಪೆನ್ನಾರ್‌ಗೆ ಇಂದು ಅದನ್ನು ತುಂಬುವ ಶಕ್ತಿಯಿಲ್ಲ. ಗಾಲೇರು-ನಗರಿ ಯೋಜನೆಯ ಮೂಲಕ ಶ್ರೀಶೈಲದಿಂದ ಕೃಷ್ಣೆಯ ನೀರನ್ನು ತರಬೇಕು. ಆ ನೀರಿಗಾಗಿ ಕೊಂಡಾಪುರಂ ಕಡೆಯ ಹಳ್ಳಿಗಳು ಮುಳುಗಿ, ಜನ ಮನೆ-ಹೊಲ ಬಿಟ್ಟು ಎದ್ದರು.

ಇದು ತುರುವೇಕೆರೆಗೆ ಹೊಸ ಕಥೆಯೇನೂ ಅಲ್ಲ. ಮಲ್ಲಾಘಟ್ಟ ಕೆರೆಯೂ ಗೊರೂರಿನಿಂದ ನಾಲೆಯಲ್ಲಿ ಬರುವ ಹೇಮಾವತಿಯ ದಾರಿ ಕಾಯುತ್ತದೆ. ಕೊಳವೆಬಾವಿ ಬತ್ತಿ ತೆಂಗಿನ ಸುಳಿ ಒಣಗಿದ ತೋಟಗಳನ್ನು ಈ ತಾಲ್ಲೂಕು ಕಂಡಿದೆ. ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗಲೂ ಊರು ಬಿಟ್ಟವರಿದ್ದರು. ಎರಡೂ ಸೀಮೆಗಳು ಈಗ ಬೇರೆ ನದಿಯಿಂದ ಎರವಲು ತಂದ ನೀರಿನಲ್ಲಿ ಬದುಕುತ್ತಿವೆ. ಆ ಎರವಲಿಗೆ ಬೆಲೆ ತೆತ್ತವರು ಬೇರೆಯವರು.

ಆದ್ದರಿಂದ ಹೋಗುವಾಗ ದಾರಿಯಲ್ಲಿ ಮಧುಗಿರಿ ಸೀಮೆಯ ಜಯಮಂಗಲಿಯ ಮರಳುಪಾತ್ರದ ಬಳಿ ಒಂದು ಗಳಿಗೆ ನಿಲ್ಲಿ. ಆಮೇಲೆ ಗಂಡಿಕೋಟೆಯ ಅಂಚಿನಿಂದ ಹತ್ತು ಹೆಜ್ಜೆ ಹಿಂದೆ ನಿಂತು ಕೆಳಗೆ ನೋಡಿ. ನೀರು ಹರಿದರೆ ಏನು ಮಾಡಬಲ್ಲದು, ನಿಂತರೆ ಏನಾಗುತ್ತದೆ ಎಂಬ ಎರಡೂ ಪಾಠ ಒಂದೇ ಪ್ರಯಾಣದಲ್ಲಿ ಸಿಗುತ್ತವೆ. ಬೆನ್ನಿನ ಚೀಲದ 4 ಲೀಟರ್ ನೀರಿನ ತೂಕ ಆಗ ಹೊರೆಯೆನಿಸಲಾರದು.