ಚಾರ್ಜರ್ ಎಸೆಯುವ ಮುನ್ನ

ಬಡಗಿಯ ಕಾರ್ಡ್‌ಲೆಸ್ ಡ್ರಿಲ್ಲಿನ ಚಾರ್ಜರ್ ನಿಂತುಹೋದಾಗ ಕೆಟ್ಟಿರುವುದು ಕೆಲವೊಮ್ಮೆ ಟ್ರಾನ್ಸ್‌ಫಾರ್ಮರ್ ಮಾತ್ರ. ಅಷ್ಟಕ್ಕೇ ಎಲ್ಲವನ್ನೂ ತಿಪ್ಪೆಗೆಸೆದರೆ ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯ ವಿಷಲೋಹ ಮಣ್ಣಿಗೂ ಹಳ್ಳದ ನೀರಿಗೂ ಸೇರೀತು.

ಬದಲಿಯನ್ನು ಆರಿಸುವಾಗ ಹಳೆಯದರ ಮೇಲಿನ ಬರಹವೇ ಪ್ರಮಾಣ. ಭಾರತದ ಮನೆಗಳ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಅಮೆರಿಕದ 120 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇಲ್ಲಿ ಸುಟ್ಟುಹೋಗುತ್ತದೆ. ಹೊರಬರುವುದು ಎಸಿಯೋ ಡಿಸಿಯೋ ಎಂಬುದನ್ನೂ ನೋಡಬೇಕು. 12 ವೋಲ್ಟ್ ಎಸಿಯ ಶಿಖರ ಸುಮಾರು 17 ವೋಲ್ಟ್ ಆದುದರಿಂದ ಒಂದರ ಬದಲು ಇನ್ನೊಂದು ಸಲ್ಲದು.

ದೊಡ್ಡದಾದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಅಪಾಯಕಾರಿ. ಅನೇಕ ಸರಳ ಚಾರ್ಜರುಗಳಲ್ಲಿ ಸುರುಳಿಯ ರೋಧವೇ ವಿದ್ಯುತ್ ಪ್ರವಾಹಕ್ಕೆ ಕಡಿವಾಣ. ಅಂಥಲ್ಲಿ ಹೆಚ್ಚು ಸಾಮರ್ಥ್ಯದ್ದನ್ನು ಜೋಡಿಸಿದರೆ ಬ್ಯಾಟರಿ ಕಾಯ್ದು ಹಾಳಾಗುತ್ತದೆ. ಆದ್ದರಿಂದ ವೋಲ್ಟ್, ಆಂಪಿಯರ್ ಎರಡೂ ಹಳೆಯದಕ್ಕೆ ಸರಿಹೊಂದಬೇಕು. ಸುರುಳಿಗೆ ಅಂಟಿದ ಶಾಖದ ಫ್ಯೂಸ್ ಹಾರಿದ್ದರೆ ಅದನ್ನು ತಂತಿಯಿಂದ ಬೆಸೆಯಕೂಡದು.

ಲಿಥಿಯಂ ಬ್ಯಾಟರಿಗೆ ಈ ಉಪಾಯವೇ ಬೇಡ. ಅದರ ಕೋಶದ ಮಿತಿ ಸಾಮಾನ್ಯವಾಗಿ 4.2 ವೋಲ್ಟ್, ಮೀರಿದರೆ ಬೆಂಕಿ ಹೊತ್ತೀತು. ಅದಕ್ಕೆ ತಯಾರಕರು ಸೂಚಿಸಿದ ಚಾರ್ಜರೇ ಆಗಬೇಕು.

ಇಷ್ಟಾದರೂ ಬ್ಯಾಟರಿಯೇ ಸತ್ತಿದ್ದರೆ, 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಅದನ್ನು ಕಸದೊಡನೆ ಬೆರೆಸದೆ ಸಂಗ್ರಹಕಾರರಿಗೆ ಒಪ್ಪಿಸತಕ್ಕದ್ದು. ಅರಿತು ಮಾಡಿದ ದುರಸ್ತಿಯೂ ಕಾಡನ್ನು ಕಾಯುವ ಕೆಲಸವೇ.